ದೊಡ್ಡ ಮೀನನ್ನು ಬಿಡುವ ಕಾನೂನು ನಮಗೂ ಬೇಕು

ಇಂಗ್ಲೆಂಡಿನಲ್ಲಿ ಗಾಳ ಹಾಕಲು ಹೊರಟ ನಮ್ಮವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಎನ್ವಿರಾನ್‌ಮೆಂಟ್ ಏಜೆನ್ಸಿ ಎಂಬ ಸರ್ಕಾರಿ ಸಂಸ್ಥೆ ಕೊಡುವ ರಾಡ್ ಲೈಸೆನ್ಸ್ (ಗಾಳ ಹಾಕುವ ಪರವಾನಗಿ) ಕೈಗೆ ಬಂದರೆ ಯಾವ ಕೆರೆಯಲ್ಲಾದರೂ ಕೂರಬಹುದು ಅಂದುಕೊಳ್ಳುತ್ತಾರೆ. ಆ ದಂಡೆ ಯಾರದ್ದೋ ಅವರ, ಅಥವಾ ಅದನ್ನು ನೋಡಿಕೊಳ್ಳುವ ಕ್ಲಬ್ಬಿನ ಪರ್ಮಿಟ್ ಬೇರೆಯೇ ಬೇಕು. ಲೈಸೆನ್ಸ್ ಒಂದು ದಿನಕ್ಕೆ, 8 ದಿನಕ್ಕೆ ಅಥವಾ 12 ತಿಂಗಳಿಗೆ ಸಿಗುತ್ತದೆ. 13ರಿಂದ 16 ವರ್ಷದ ಮಕ್ಕಳಿಗೆ ಪುಕ್ಕಟೆ, ಆದರೂ ಮಾಡಿಸಲೇಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ 2,500 ಪೌಂಡ್‌ವರೆಗೂ ಹೋಗಬಹುದು. ಲೈಸೆನ್ಸ್ ದುಡ್ಡಿನ ಕೆಲಸ ಕಣ್ಣಿಗೆ ಕಾಣುತ್ತದೆ: ನಾಟಿಂಗ್‌ಹ್ಯಾಮ್‌ಶೈರಿನ ಕ್ಯಾಲ್ವರ್ಟನ್ ಮೀನುಮರಿ ಕೇಂದ್ರದಿಂದ ಹೊಳೆಗಳಿಗೆ ಮರಿ ಬಿಡುತ್ತಾರೆ.

ನಾನು ತುಂಬಾ ಮೆಚ್ಚುವುದು ಅಳತೆಯ ನಿಯಮವನ್ನು. ಹೊಳೆಯಿಂದ ದಿನಕ್ಕೆ ಪೈಕ್ ಎಂಬ ಬೇಟೆಗಾರ ಮೀನು ಒಂದನ್ನು ಒಯ್ಯಬಹುದು, ಅದೂ 65 ಸೆಂ.ಮೀ. ಮೀರಬಾರದು. ರೋಚ್, ಪರ್ಚ್, ಬ್ರೀಮ್‌ನಂಥವು ಒಟ್ಟು 15 ಮೀನು, ಎಲ್ಲವೂ 20 ಸೆಂ.ಮೀ. ಒಳಗೆ. ಅಳೆಯಬೇಕಾದ್ದು ಮೂತಿಯ ತುದಿಯಿಂದ ಬಾಲ ಕವಲೊಡೆಯುವ ಜಾಗದವರೆಗೆ, ಬಾಲದ ಕೊನೆಯವರೆಗಲ್ಲ. ಈಲ್ ಎಂಬ ಹಾವುಮೀನು ಸಿಕ್ಕರೆ ವಾಪಸ್ ಬಿಡಲೇಬೇಕು. ದೊಡ್ಡ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬಹಳ, ಹಾಗಾಗಿ ಅದು ನೀರಿನಲ್ಲೇ ಉಳಿಯಬೇಕು. ನಮ್ಮಲ್ಲಿ ಅಂಥದ್ದು ಸಿಕ್ಕಿದರೆ ಊರಿಗೆಲ್ಲ ತೋರಿಸಿ ಸಾರು ಮಾಡುತ್ತೇವೆ.

ಆದರೆ ಇಂಗ್ಲೆಂಡಿನ ತಾರೀಖನ್ನು ನಮ್ಮಲ್ಲಿಗೆ ನಕಲು ಮಾಡುವಂತಿಲ್ಲ. ಅಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಹೊಳೆಗಳಲ್ಲಿ ಈ ಮೀನುಗಳಿಗೆ ಗಾಳ ಹಾಕುವಂತಿಲ್ಲ; ಹೆಚ್ಚಿನ ಕೆರೆ, ಕಾಲುವೆಗಳಿಗೆ ಆ ನಿರ್ಬಂಧವಿಲ್ಲ. ಮಲೆನಾಡಿನಲ್ಲಿ ಮೀನು ಮೊಟ್ಟೆಯಿಡಲು ಹಳ್ಳ ಹತ್ತಿ ಗದ್ದೆಗೆ ಬರುವುದು ಮುಂಗಾರಿನ ಹೊಸ ನೀರಿಗೆ. ಹೀಗೆ ಹತ್ತಿ ಬರುವ ಮೀನಿನ ಶಿಕಾರಿ ಜೋರಾಗುವುದೂ ಅದೇ ವಾರಗಳಲ್ಲಿ. ತಡೆ ಬೇಕಿರುವುದು ಆಗ.

ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನನ್ನು ಹಿಡಿದು ಬಿಡುವ ಶಿಬಿರಗಳಿದ್ದವು. ವನ್ಯಜೀವಿ ಕಾಯ್ದೆಯ ಕಾರಣ ಅವು ನಿಂತು ದಶಕ ದಾಟಿದೆ. ಕಾವೇರಿ ಕೊಳ್ಳಕ್ಕೇ ಸೀಮಿತವಾದ, ಬೆನ್ನುಬ್ಬಿದ ಮಹಶೀರ್ 2018ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ತೀವ್ರ ಅಪಾಯದ ಹಂತಕ್ಕೆ ಸೇರಿತು. ವನ್ಯಧಾಮದೊಳಗೆ ನಿಷೇಧ ಇರಲಿ, ನನ್ನ ತಕರಾರಿಲ್ಲ. ಆದರೆ ತೋಟೆ ಸಿಡಿಸಿ ಮರಿಸಮೇತ ಕೊಲ್ಲುವವನು ಯಾವ ಪರವಾನಗಿಗೂ ಕಾಯುವುದಿಲ್ಲ. ಅವನನ್ನು ನೋಡಿ ತಿಳಿಸಲು ದಂಡೆಯಲ್ಲಿ ಜನ ಇರಬೇಕು, ಗಾಳದವರು ಅಲ್ಲಿ ದಿನವಿಡೀ ಕೂರುವವರು.

ವನ್ಯಧಾಮದ ಹೊರಗಿನ ಹೊಳೆ, ಕೆರೆಗಳಿಗೆ ಅಗ್ಗದ ಲೈಸೆನ್ಸ್ ಬರಲಿ. ಚೀಟಿಯ ಮೇಲೆ ಮೀನಿನ ಚಿತ್ರ, ಒಯ್ಯಬಹುದಾದ ಗರಿಷ್ಠ ಉದ್ದ, ಮಳೆಗಾಲದ ಬಂದ್ ದಿನಗಳು, ಕೆರೆ ಗುತ್ತಿಗೆ ಹಿಡಿದವರ ಹೆಸರು ಇಷ್ಟನ್ನೂ ಕನ್ನಡದಲ್ಲಿ ಅಚ್ಚು ಹಾಕಲಿ. ಕಟ್ಲಾ, ರೋಹು ಮರಿ ಬಿಟ್ಟವರು ಅವರೇ ಆದ್ದರಿಂದ ಕೆರೆಯಲ್ಲಿ ಅವರ ಒಪ್ಪಿಗೆಯೂ ಕಡ್ಡಾಯವಾಗಲಿ.