ಎಕ್ಸೆಲ್‌ನಲ್ಲಿ ಕೆಂಪು, ಪಿಪಿಟಿಯಲ್ಲಿ ಹಸಿರು

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಪ್ರಗತಿ ಅತಿ ವೇಗವಾಗಿ ಆಗುವುದು ಯಾವಾಗ ಗೊತ್ತಾ? ಪ್ರಗತಿ ಪರಿಶೀಲನಾ ಸಭೆಯ ಹಿಂದಿನ ರಾತ್ರಿ. ಆಗುವ ಜಾಗವೂ ಕಾಮಗಾರಿ ಸ್ಥಳ ಅಲ್ಲ, ಕಂಪ್ಯೂಟರ್ ಆಪರೇಟರ್ ಮೇಜು.

ಲೆಕ್ಕವೆಲ್ಲ ಎಕ್ಸೆಲ್ ಶೀಟಿನಲ್ಲಿ ಇದ್ದೇ ಇರುತ್ತದೆ. ತಾಲೂಕುವಾರು ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ, ಶೇಕಡಾವಾರು. ಪಕ್ಕದಲ್ಲೇ ಒಂದು ಒಳ್ಳೆ ಚಾರ್ಟು. ವಸತಿ ಯೋಜನೆಯದ್ದಾದರೆ ಕಟ್ಟಿದ ಮನೆಗಳಿಗೆ ಕಂಬ, ಅದರ ಅಳತೆ ಎಡಗಡೆ. ಖರ್ಚಾದ ಲಕ್ಷ ರೂಪಾಯಿಗೆ ಗೆರೆ, ಅದರ ಅಳತೆ ಬಲಗಡೆ. ದುಡ್ಡಿನ ಗೆರೆ ಆಕಾಶಕ್ಕೆ ಹೋಗಿ ಮನೆಗಳ ಕಂಬ ನೆಲ ಬಿಟ್ಟು ಏಳದಿದ್ದರೆ, ಏನೋ ಎಡವಟ್ಟಾಗಿದೆ ಅಂತ ಯಾರಿಗಾದರೂ ತಿಳಿಯುತ್ತದೆ. ಚಾರ್ಟ್ ಇರುವುದೇ ಅದಕ್ಕೆ ಅಲ್ವಾ?

ಅದಕ್ಕೇ ಇರಬೇಕು, ಸಭೆಯಲ್ಲಿ ಅದನ್ನು ಹಾಗೇ ತೋರಿಸುವಂತಿಲ್ಲ. ‘ಪಿಪಿಟಿ ಮಾಡ್ಕೊಂಡು ಬನ್ನಿ’, ಅಂದರೆ ಪವರ್‌ಪಾಯಿಂಟ್ ಸ್ಲೈಡು ಮಾಡಿ ತನ್ನಿ ಅಂತ ಮೇಲಿನಿಂದ ಬಂದಿರುತ್ತದೆ. ಅದೂ ಇಲಾಖೆಯ ಟೆಂಪ್ಲೇಟಿನಲ್ಲೇ ಆಗಬೇಕು. ಎಡಕ್ಕೊಂದು ಲಾಂಛನ, ಬಲಕ್ಕೊಂದು ಲಾಂಛನ, ಮೇಲೆ ದಪ್ಪ ಪಟ್ಟಿ, ಕೆಳಗೆ ಘೋಷವಾಕ್ಯ. ಇಷ್ಟೆಲ್ಲ ಕೂತ ಮೇಲೆ ಚಾರ್ಟಿಗೆ ಉಳಿಯುವುದು ಅಂಗೈ ಅಗಲ ಜಾಗ.

ಆಪರೇಟರ್ ಕಾಪಿ ಮಾಡಿ ಪೇಸ್ಟ್ ಒತ್ತುತ್ತಾನೆ. ಪವರ್‌ಪಾಯಿಂಟ್ ಮೊದಲು ಮಾಡುವ ಕೆಲಸ, ಬಂದವರ ಬಟ್ಟೆ ಬದಲಾಯಿಸುವುದು. ಎಕ್ಸೆಲ್ ಥೀಮಿನ ಬಣ್ಣ ಹೋಗಿ ಸ್ಲೈಡ್ ಥೀಮಿನ ಬಣ್ಣ ಬರುತ್ತದೆ. ಹಿಂದುಳಿದ ತಾಲೂಕುಗಳು ಅಂತ ಥೀಮಿನ ಕೆಂಪು ಹಚ್ಚಿದ್ದವು ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು. ಒಂದು ಇಟ್ಟಿಗೆ ಇಡದೆ ತಾಲೂಕು ಉದ್ಧಾರವಾಯಿತು ನೋಡಿ.

ಎರಡೂ ಒಂದೇ ಕಂಪನಿಯವು, ಹೊಂದಿಕೊಂಡು ಹೋಗಬಾರದೇ ಅನ್ನಬಹುದು. ಎಕ್ಸೆಲ್ 1985ರಲ್ಲಿ ಮೈಕ್ರೋಸಾಫ್ಟ್ ಮನೆಯಲ್ಲೇ ಹುಟ್ಟಿದ್ದು. ಪವರ್‌ಪಾಯಿಂಟ್ ಫೋರ್‌ಥಾಟ್ ಎಂಬ ಇನ್ನೊಂದು ಕಂಪನಿಯ ಕೂಸು, 1987ರಲ್ಲಿ 1.4 ಕೋಟಿ ಡಾಲರ್ ಕೊಟ್ಟು ತಂದದ್ದು. ಹೆತ್ತ ಮಗ, ದತ್ತು ಮಗ ಒಂದೇ ಸೂರಿನಡಿ ಉಂಡು ಬೆಳೆದರೂ ಆಸ್ತಿ ವಿಷಯ ಬಂದಾಗ ಮುಖ ತಿರುಗಿಸಿದ ಹಾಗೆ.

ಹೀಗೆ ಪೇಸ್ಟ್ ಒತ್ತಿದಾಗ ಚಾರ್ಟು ಸಾಮಾನ್ಯವಾಗಿ ಮೂಲ ಫೈಲಿಗೆ ಲಿಂಕ್ ಆಗಿಯೇ ಬರುತ್ತದೆ. ಆದರೆ ಆ ಮೂಲ ಫೈಲು ಆಪರೇಟರ್‌ನ ಡಿ ಡ್ರೈವ್‌ನಲ್ಲೇ ಉಳಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಪಿಪಿಟಿ ಮಾತ್ರ ಸಭಾಂಗಣ ಸೇರುತ್ತದೆ. ಅಲ್ಲಿ ಅಂಕಿ ತಿದ್ದಲು ಹೋದರೆ ಲಿಂಕ್ ಆದ ಫೈಲು ಸಿಗುತ್ತಿಲ್ಲ ಎಂಬ ಉತ್ತರ. ಹೋಗಲಿ ಅಂತ ಇಡೀ ವರ್ಕ್‌ಬುಕ್ಕನ್ನೇ ಸ್ಲೈಡಿನೊಳಗೆ ಸೇರಿಸಿದರೆ ಇನ್ನೂ ಮಜಾ. ಚಾರ್ಟಿನ ಬೆನ್ನಿಗೆ ಉಳಿದ ಶೀಟುಗಳೂ ಬರುತ್ತವೆ. ಪಿಪಿಟಿ ವಾಟ್ಸ್ಆ್ಯಪ್ ಗುಂಪಿಗೆ ಬಿದ್ದ ಮೇಲೆ ಯಾರಾದರೂ ‘ಎಡಿಟ್ ಡೇಟಾ’ ಒತ್ತಿದರೆ ಗುತ್ತಿಗೆದಾರರ ಬಾಕಿ ಬಿಲ್ಲಿನ ಪಟ್ಟಿಯೂ ತೆರೆದುಕೊಳ್ಳುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಬೇಡ, 10 ರೂಪಾಯಿ ಶುಲ್ಕವೂ ಬೇಡ.

ಹಾಗಾಗಿ ಅನುಭವಸ್ಥರು ಚಾರ್ಟನ್ನು ಚಿತ್ರ ಮಾಡಿ ಅಂಟಿಸುತ್ತಾರೆ. ಇನ್ನೂ ಅನುಭವಸ್ಥರು ಚೌಕ ಎಳೆದು ಕಂಬಗಳನ್ನು ತಾವೇ ನಿಲ್ಲಿಸುತ್ತಾರೆ. ಆ ಕಂಬದ ಎತ್ತರ ಶೀಟಿನ ಅಂಕಿಗೆ ಬಗ್ಗುವುದಿಲ್ಲ, ಮೌಸ್ ಹಿಡಿದ ಕೈಗೆ ಬಗ್ಗುತ್ತದೆ. ಟೆಂಪ್ಲೇಟಿನ ದಪ್ಪ ಪಟ್ಟಿಗೆ ತಾಗುವಂತಿದ್ದರೆ ಸುಮ್ನೆ ಚೂರು ಕೆಳಗೆ ಎಳೆದರಾಯಿತು.

ಕಂಬದ ಚಾರ್ಟಿನ ಹಿರಿಯಜ್ಜ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್. 1786ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಗೆರೆ ಚಾರ್ಟುಗಳು 43, ಕಂಬದ್ದು ಒಂದೇ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಒಂದೇ ವರ್ಷದ ಲೆಕ್ಕ ಸಿಕ್ಕಿದ್ದರಿಂದ ಗೆರೆ ಎಳೆಯಲಾಗದೆ ಕಂಬ ನಿಲ್ಲಿಸಿದ. ಪಾಪ, ಅವನ ಹತ್ತಿರ ಲೆಕ್ಕ ಇರಲಿಲ್ಲ. ನಮ್ಮ ಆಪರೇಟರ್ ಹತ್ತಿರ 10,48,576 ಸಾಲು ಹಿಡಿಸುವ ಶೀಟೇ ಇದೆ. ಆದರೂ ಕೈಯಲ್ಲೇ ಎಳೆಯಬೇಕು.

ಅಸಲಿ ಕರಾಮತ್ತು ಇನ್ನು ಮುಂದೆ. ರಾತ್ರಿ ಹನ್ನೊಂದಕ್ಕೆ ತಾಲೂಕಿನಿಂದ ಫೋನು. ‘ನಮ್ದು ಅರವತ್ತೆರಡಲ್ಲ, ಎಪ್ಪತ್ತೊಂದು ಮಾಡ್ಕೊಳ್ರೀ. ಬೆಳಗ್ಗೆ ಮೇಲ್ ಕಳಿಸ್ತೀವಿ.’ ಚಿತ್ರವಾಗಿ ಕೂತ ಚಾರ್ಟನ್ನು ತಿದ್ದುವುದು ಹೇಗೆ? ಒಂದು ಬಿಳಿ ಬಾಕ್ಸ್ ಎಳೆದು 62ರ ಮೇಲೆ ಕೂರಿಸಿ, ಅದರೊಳಗೆ 71 ಅಂತ ಟೈಪ್ ಮಾಡುತ್ತಾರೆ. ಕಂಬ ಇದ್ದಲ್ಲೇ ಇರುತ್ತದೆ. ಪಕ್ಕದ ತಾಲೂಕಿನ 65ರ ಕಂಬಕ್ಕಿಂತ ಗಿಡ್ಡ ಇದ್ದರೂ ತಲೆ ಮೇಲೆ 71 ಹೊತ್ತು ನಿಂತಿರುತ್ತದೆ. ಯಾರೂ ಕೇಳುವುದಿಲ್ಲ. ಬೆಳಗ್ಗೆ ಬರಬೇಕಿದ್ದ ಮೇಲ್ ಬಂತಾ ಅಂತಲೂ ಯಾರೂ ಕೇಳುವುದಿಲ್ಲ.

ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗಿನ ಹಳೇ ನುಡಿ ಫಾಂಟ್ ಇರುವುದಿಲ್ಲ. ಚಿತ್ರದ ಕೆಳಗೆ ಬೇರೆಯಾಗಿ ಟೈಪ್ ಮಾಡಿದ್ದ ತಾಲೂಕುಗಳ ಹೆಸರೆಲ್ಲ ತಲೆಗೆ ಕೊಂಬು, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತವೆ. ಯಾವ ಕಂಬ ಯಾರದ್ದು ಅಂತ ಗೊತ್ತಾಗದ ಕಾರಣ ಎಲ್ಲ ತಾಲೂಕಿನ ಅಧಿಕಾರಿಗಳೂ ಎತ್ತರದ ಕಂಬವನ್ನೇ ನೋಡಿ ತಲೆಯಾಡಿಸುತ್ತಾರೆ.

ಸಾಹೇಬರು ಕನ್ನಡಕ ಸರಿ ಮಾಡಿಕೊಳ್ಳುತ್ತಾರೆ. ‘ಏನ್ರೀ ಇದು, ಒಂದಕ್ಷರ ಕಾಣ್ತಿಲ್ಲ. ಎಕ್ಸೆಲ್ ಶೀಟ್ ಪ್ರಿಂಟ್ ತಂದಿದ್ದೀರಾ?’

ತಂದಿರುತ್ತಾರೆ. ಎ3 ಹಾಳೆ ಕೈಯಿಂದ ಕೈಗೆ ಹೋಗುತ್ತದೆ. ಸಾಹೇಬರು ಒಮ್ಮೆ ಹಾಳೆ ನೋಡುತ್ತಾರೆ, ಒಮ್ಮೆ ಪರದೆ ನೋಡುತ್ತಾರೆ.

‘ಇಲ್ಲಿ 62 ಇದೆ, ಅಲ್ಲಿ 71 ಇದೆ. ಯಾವುದ್ರೀ ಸರಿ?’

‘ಸರ್, ಪಿಪಿಟಿ ಲೇಟೆಸ್ಟು ಸರ್.’

ಅಲ್ಲಿಗೆ ಇತ್ಯರ್ಥ. ಸಭೆಯ ನಡಾವಳಿಯಲ್ಲಿ 71 ಅಂತಲೇ ದಾಖಲಾಗುತ್ತದೆ. ಮಾರನೇ ದಿನ ಆಪರೇಟರ್ ನಡಾವಳಿ ನೋಡಿಕೊಂಡು ಎಕ್ಸೆಲ್ ಶೀಟನ್ನು ತಿದ್ದುತ್ತಾನೆ.