ಬಾವಿ ನೀರಿಗೆ ಶವರ್ ಫಿಲ್ಟರ್ ಎಂತಕೆ?

ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಸಾಲದಿದ್ದರೆ ಟ್ಯಾಂಕರ್. ಶವರಿನ ತೂತುಗಳಿಗೆಲ್ಲ ಬಿಳಿ ಕಟ್ಟಿ, ನೀರು ಗೋಡೆಗೆ ಹಾರುತ್ತದೆ. ಕೂದಲು ಉದುರುತ್ತಿದೆ ಅಂತ ನಾನೂ ಎರಡು ಸಾವಿರ ಕೊಟ್ಟು ಶವರ್ ಫಿಲ್ಟರ್ ಹಾಕಿಸಿದೆ. ಎರಡೇ ತಿಂಗಳಿಗೆ ಅದರ ಮೂತಿಗೂ ಅದೇ ಬಿಳಿ.

ತಪ್ಪು ನನ್ನದೇ. ಅದರೊಳಗೆ ಇದ್ದದ್ದು ತಾಮ್ರ-ಸತುವಿನ ಪುಡಿ, ಕ್ಯಾಲ್ಸಿಯಂ ಸಲ್ಫೈಟ್, ಆಕ್ಟಿವೇಟೆಡ್ ಕಾರ್ಬನ್. ಇವು ಮುಖ್ಯವಾಗಿ ಹಿಡಿಯುವುದು ಕ್ಲೋರಿನ್ನನ್ನು. ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಾಗೇ ದಾಟಿ ಬರುತ್ತವೆ. ಅದಕ್ಕೆ ನೀರನ್ನು ಮೆದು ಮಾಡುವ, ಉಪ್ಪುನೀರಿನಲ್ಲಿ ಆಗಾಗ ತೊಳೆಯಬೇಕಾದ ರೆಸಿನ್ ಸಾಫ್ಟ್‌ನರೇ ಬೇಕು.

ರಜೆಗೆ ಉಡುಪಿಗೆ ಹೋದರೆ, ತಮ್ಮನೂ ಬಚ್ಚಲುಮನೆಗೆ ಅಂಥದ್ದೇ ಫಿಲ್ಟರ್ ಸಿಕ್ಕಿಸಿದ್ದ! "ಬಾವಿ ನೀರಿಗೆ ಇದೆಂತ ಮಾರಾಯ?" ಅಂತ ಅಮ್ಮ. ಅವಳದ್ದು ಈಗಲೂ ತೆಂಗಿನ ಗೆರಟೆ ಉರಿಸಿದ ಹಂಡೆಯ ನೀರು. (ಫಿಲ್ಟರಿನ ಕಾರ್ಬನ್ನನ್ನೂ ಹೆಚ್ಚಾಗಿ ಗೆರಟೆ ಸುಟ್ಟೇ ಮಾಡುವುದು ಅಂದರೆ ನಂಬಲಿಲ್ಲ.)

ಎರಡು ಬಾಟಲಿಯಲ್ಲಿ ನೀರು ಹಿಡಿದೆ, ಒಂದು ಫಿಲ್ಟರಿಗೆ ಮೊದಲಿನದು, ಒಂದು ಆಮೇಲಿನದು. ಎರಡಕ್ಕೂ ಸ್ನಾನದ ಸೋಪಿನ ಚೂರು ಹಾಕಿ ಕುಲುಕಿದೆ. ಶಾಂಪೂ, ಬಟ್ಟೆ ಪುಡಿ ಆಗುವುದಿಲ್ಲ, ಅವು ಗಡಸು ನೀರಲ್ಲೂ ನೊರೆ ಬಿಡುತ್ತವೆ. ಎರಡರಲ್ಲೂ ನೊರೆ ಬಾಯಿವರೆಗೆ ಬಂತು. ಮುರಕಲ್ಲಿನ ಬಾವಿ ನೀರು ಅಷ್ಟು ಮೆದು, ಮೈಗೆ ಹಚ್ಚಿದ ಸೋಪು ಬೇಗ ಬಿಡುವುದೂ ಇಲ್ಲ. ಕ್ಲೋರಿನ್ನೋ, ಬ್ಲೀಚಿಂಗ್ ಪೌಡರ್ ಹಾಕಿದ ದಿನ ಮಾತ್ರ. ಹೈದರಾಬಾದಿಗೆ ವಾಪಸ್ ಬಂದು ಅದನ್ನೇ ಮಾಡಿದೆ. ಎರಡೂ ಬಾಟಲಿಯಲ್ಲಿ ನೊರೆ ಇಲ್ಲ, ಮಜ್ಜಿಗೆ ನೀರಿನ ಹಾಗೆ ಕದಡಿತು ಅಷ್ಟೆ.

ಅಂದರೆ ಎರಡೂ ಮನೆಯಲ್ಲಿ ದುಡ್ಡು ದಂಡ. ಉಡುಪಿಯಲ್ಲಿ ಬಜೆ ಅಣೆಕಟ್ಟಿನ ನಗರಸಭೆ ನೀರು ಬರುವವರು, ತುಂಬೆ ಅಣೆಕಟ್ಟಿನ ನೀರಿನ ಮಂಗಳೂರಿನವರು, ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಜಾಸ್ತಿ ಇದ್ದರೆ ಬೇಕಾದರೆ ಹಾಕಿಕೊಳ್ಳಲಿ. ಕಾರ್ಟ್ರಿಡ್ಜ್ ಬದಲಿಸುತ್ತಾ ಇರಬೇಕು, ಅದನ್ನು ಮರೆಯಬಾರದು. ಬಕೆಟ್ಟಿಗೆ ಕೆಂಪು ಕಲೆ ಹಿಡಿಯುವ ಬಾವಿಯದ್ದು ಕಬ್ಬಿಣದ ತಕರಾರು, ಅದರ ಫಿಲ್ಟರೇ ಬೇರೆ.

ಊರಲ್ಲಿ ಹೊಸಬರ ಮನೆಗೆ ಹೋದರೆ "ನಿಮ್ಮದು ಬಾವಿ ನೀರಾ, ನಳ್ಳಿ ನೀರಾ?" ಅಂತ ಕೇಳುವುದುಂಟು. ಇಲ್ಲಿ ಹೈದರಾಬಾದಿನಲ್ಲಿ ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಕೇಳಿಲ್ಲ. ನನಗೆ ಫಿಲ್ಟರ್ ಮಾರಿದವನೂ ಕೇಳಲಿಲ್ಲ, ಅಲ್ವಾ!

ಈಗ ಶವರಿನ ಮೂತಿಯನ್ನು ತಿಂಗಳಿಗೊಮ್ಮೆ ವಿನೆಗರಿನಲ್ಲಿ ನೆನೆಹಾಕುತ್ತೇನೆ. ತಲೆಗೆ ಕೊನೆಯ ಎರಡು ಚೊಂಬು ಆರ್‌ಒ ನೀರು. ಮಕ್ಕಳು ನಗುತ್ತಾರೆ.