ಒನ್ ಡೌನ್ ಯಾರು?

2012ರ ಮಾರ್ಚ್ 9ರಂದು, ಒನ್ ಡೌನ್, ಅಂದರೆ ಮೊದಲ ವಿಕೆಟ್ ಬಿದ್ದ ಮೇಲೆ ಮೂರನೆಯವರಾಗಿ ಆಡಲು ಬರುತ್ತಿದ್ದ ರಾಹುಲ್ ದ್ರಾವಿಡ್ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕೂತು ನಿವೃತ್ತಿ ಹೇಳಿದಾಗ, ನಾನು ಟಿವಿ ಮುಂದೆ ತಟ್ಟೆ ಹಿಡಿದು ಕೂತಿದ್ದೆ. ಕಲಸಿದ ಅನ್ನ ಕಲಸಿದ ಹಾಗೇ ಆರಿತು. ದೊಡ್ಡಪ್ಪ ಮಾತ್ರ ವೀಳ್ಯದೆಲೆಗೆ ಸುಣ್ಣ ಸವರುತ್ತಾ, "ವಿಶಿ ಬಿಟ್ಟಾಗ್ಲೇ ಎಲ್ಲಾ ಮುಗೀತು ಕಣೋ. ಈಗೇನು ಹೊಸದಾಗಿ ಅಳೋದು?" ಅಂದರು. ವಿಶಿ ಅಂದರೆ ಗುಂಡಪ್ಪ ವಿಶ್ವನಾಥ್.

ದೊಡ್ಡಪ್ಪನ ಲೆಕ್ಕದಲ್ಲಿ ದ್ರಾವಿಡ್ ಹದಿನಾರು ವರ್ಷವೂ ಹಂಗಾಮಿ ನೌಕರರೇ. 13,288 ಟೆಸ್ಟ್ ರನ್, 36 ಶತಕ ಯಾವುದೂ ಅವರನ್ನು ಖಾಯಂ ಮಾಡಿಸಲಿಲ್ಲ. "ಚೆನ್ನಾಗಿ ಆಡ್ತಾನೆ, ಇಲ್ಲ ಅನ್ನಲ್ಲ. ಆ ಸ್ಕ್ವೇರ್ ಕಟ್ ಎಲ್ಲಿ?" ಅಂತ ಶುರುವಾದರೆ ಮಾತು 1975ರ ಮದ್ರಾಸಿನ ಚೆಪಾಕ್ ಮೈದಾನಕ್ಕೇ ಹೋಗಿ ನಿಲ್ಲುತ್ತಿತ್ತು. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ, ತಂಡದ 190ರಲ್ಲಿ ವಿಶ್ವನಾಥ್ ಒಬ್ಬರದೇ ಔಟಾಗದೆ 97. ಆ ಮೂರು ರನ್ನಿನ ಸಂಕಟ ಇವತ್ತಿಗೂ ನಮ್ಮ ಮನೆಯಲ್ಲಿ ಬಾಕಿ ಇದೆ.

ದೊಡ್ಡಪ್ಪನನ್ನು ನೋಡಿ ನಗುತ್ತಿದ್ದ ನಾನು ದ್ರಾವಿಡ್ ಜಾಗಕ್ಕೆ ಚೇತೇಶ್ವರ ಪೂಜಾರ ಬಂದಾಗ ಮಾಡಿದ್ದೂ ಅದನ್ನೇ. ಅದೇ 2012ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಆತ ಒನ್ ಡೌನ್ ಬಂದು 159 ಹೊಡೆದ. ಮೂರು, ನಾಲ್ಕು, ಐದು ಸಾವಿರ ರನ್ನುಗಳನ್ನು ದ್ರಾವಿಡ್ ಮುಟ್ಟಿದಷ್ಟೇ ಇನಿಂಗ್ಸುಗಳಲ್ಲಿ, 67, 84, 108ರಲ್ಲಿ, ಕರಾರುವಾಕ್ಕಾಗಿ ಮುಟ್ಟಿದ. ಜಾತಕ ಇದಕ್ಕಿಂತ ಚೆನ್ನಾಗಿ ಕೂಡಿಬರುವುದುಂಟೆ? ನಾನು ಒಪ್ಪಲಿಲ್ಲ. ಹೆಲ್ಮೆಟ್ಟಿನ ತುದಿಯಿಂದ ಟಪಟಪ ಬೆವರು ತೊಟ್ಟಿಕ್ಕುತ್ತಿದ್ದರೂ ಮುಂದಿನ ಚೆಂಡಿಗೆ ಬಗ್ಗಿ ನಿಲ್ಲುತ್ತಿದ್ದ ಆ ದ್ರಾವಿಡ್ ಭಂಗಿ ಎಲ್ಲಿ ಅಂದೆ. ಹುಡುಗನಿಗೆ ಬೆವರುವುದಕ್ಕೂ ಬರುವುದಿಲ್ಲ ಅಂತ ನನ್ನ ತಕರಾರು.

2023ರಲ್ಲಿ ಪೂಜಾರನನ್ನು ಕೈಬಿಟ್ಟು ಆ ಜಾಗಕ್ಕೆ ಶುಭಮನ್ ಗಿಲ್ ಬಂದಾಗ ದೊಡ್ಡಪ್ಪನ ಮೊಮ್ಮಗ ಕಿಡಿಕಿಡಿಯಾದ. ಅವನು ಕಣ್ಣುಬಿಟ್ಟಾಗಿನಿಂದ ನೋಡಿದ್ದು ಪೂಜಾರನನ್ನೇ. ಬ್ರಿಸ್ಬೇನಿನಲ್ಲಿ ಪೂಜಾರ 211 ಚೆಂಡಿಗೆ 56 ಮಾಡುತ್ತಾ ತಲೆ, ಬೆರಳು, ಪಕ್ಕೆಲುಬಿಗೆ ತಿಂದ ಹನ್ನೊಂದು ಏಟು ಅವನಿಗೆ ಮಗ್ಗಿಯ ಹಾಗೆ ಬಾಯಿಪಾಠ. "ಗಿಲ್ ಸ್ಟೈಲಾಗಿ ಆಡ್ತಾನೆ ಚಿಕ್ಕಪ್ಪ. ಆದ್ರೆ ಏಟು?" ಅಂದ. ವಂಶವಾಹಿನಿ ಸರಿಯಾಗಿಯೇ ಹರಿದಿದೆ ಅಂದುಕೊಂಡೆ.

ಒನ್ ಡೌನಿಗೆ ಇಷ್ಟೆಲ್ಲಾ ಸ್ವಯಂವರ ನಡೆಸಿದ ನಾವು ಮರೆತೇಬಿಟ್ಟ ಇನ್ನೊಂದು ಜಾಗವಿತ್ತು: ವಿಕೆಟ್ ಕೀಪರ್ ಪಕ್ಕದ ಸ್ಲಿಪ್. ದ್ರಾವಿಡ್ ಟೆಸ್ಟುಗಳಲ್ಲಿ ಹಿಡಿದ 210 ಕ್ಯಾಚುಗಳಲ್ಲಿ 55 ಕುಂಬ್ಳೆಯ ಬೌಲಿಂಗಿನಲ್ಲೇ ಬಂದವು. ಆದರೂ 'ಸ್ಲಿಪ್ಪಿಗೆ ಇನ್ಯಾರು?' ಅಂತ ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಚೆಂಡುಗಳು ನೆಲ ಕಾಣತೊಡಗಿದ ಮೇಲೇ ಅಲ್ಲೊಬ್ಬರು ನಿಂತಿದ್ದರು ಅನ್ನುವುದು ನೆನಪಾದದ್ದು.

2025ರ ಜುಲೈ. ಲಾರ್ಡ್ಸ್ ಟೆಸ್ಟ್. ಒನ್ ಡೌನಿಗೆ ನಮ್ಮವನೇ ಕರುಣ್ ನಾಯರ್! 1996ರಲ್ಲಿ ದ್ರಾವಿಡ್ ಮೊದಲ ಟೆಸ್ಟಿನಲ್ಲೇ 95 ಹೊಡೆದ ಮೈದಾನ ಬೇರೆ. ಚಕ್ಕುಲಿ ಡಬ್ಬಿ ಹೊರಗೆ ಬಂತು. ಕರುಣ್ 40 ಮಾಡಿ ಲಯಕ್ಕೆ ಬಂದಿದ್ದ. ಇಂಗ್ಲೆಂಡಿನ ಸ್ಟೋಕ್ಸ್ ಎಸೆತ ಬ್ಯಾಟಿನ ಅಂಚಿಗೆ ಸವರಿತು, ಸ್ಲಿಪ್ಪಿನಲ್ಲಿದ್ದ ಜೋ ರೂಟ್ ಎಡಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದ. ಅದು ರೂಟ್ ಹಿಡಿದ 211ನೆಯ ಕ್ಯಾಚು. ದ್ರಾವಿಡ್ ದಾಖಲೆ ಮುರಿಯಲು ದ್ರಾವಿಡ್ ಜಾಗದಲ್ಲಿ ಆಡುತ್ತಿದ್ದ ಕನ್ನಡನಾಡಿನ ಹುಡುಗನ ಬ್ಯಾಟೇ ಬೇಕಾಗಿತ್ತೆ?

"ಅಯ್ಯೋ, ದ್ರಾವಿಡ್ದು ಹೋಯ್ತು!" ಅಂತ ಮೊಮ್ಮಗ ಕೂಗಿಕೊಂಡ.

ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ದೊಡ್ಡಪ್ಪ ತಟ್ಟನೆ ಎಚ್ಚೆತ್ತರು. ಈಚೆಗೆ ಕಿವಿ ಸ್ವಲ್ಪ ಮಂದ.

"ದ್ರಾವಿಡ್ ಔಟಾದ್ನಾ? ಟಿವಿ ಆರಿಸು ಮತ್ತೆ. ಇನ್ನೇನಿದೆ ನೋಡೋಕೆ?"